ಹೆಸರು ಓದಿದ ಮೇಲೆ: ಕರ್ತವ್ಯದಲ್ಲಿ ಮಡಿದ ಪೊಲೀಸರನ್ನು ನಾವು ಹೇಗೆ ನೆನೆಯುತ್ತಿದ್ದೇವೆ?

ಪ್ರತಿ ವರ್ಷ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. ಅವತ್ತು ಬೆಳಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳ ಪೊಲೀಸ್ ಪರೇಡ್ ಮೈದಾನದಲ್ಲಿ ಹೆಚ್ಚುಕಡಿಮೆ ಒಂದೇ ಥರದ ಕಾರ್ಯಕ್ರಮ ನಡೆಯುತ್ತದೆ. ಹುತಾತ್ಮರ ಸ್ಮಾರಕವನ್ನು ತೊಳೆದು ಹೂವಿನಿಂದ ಸಿಂಗರಿಸಿರುತ್ತಾರೆ. ಸಶಸ್ತ್ರ ಪಡೆಯವರು ಬಂದೂಕು ತಲೆಕೆಳಗು ಮಾಡಿ ಹಿಡಿದು ತಲೆಬಾಗಿ ನಿಲ್ಲುತ್ತಾರೆ. ಹಿಂದಿನ ಒಂದು ವರ್ಷದಲ್ಲಿ ದೇಶದಲ್ಲಿ ಕರ್ತವ್ಯದ ಮೇಲಿದ್ದಾಗ ಪ್ರಾಣ ಬಿಟ್ಟ ಪೊಲೀಸರ ಹೆಸರನ್ನು ಓದುತ್ತಾರೆ. ಹೂಗುಚ್ಛ ಇಡುತ್ತಾರೆ. ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ, ಬ್ಯೂಗಲ್ ಊದುತ್ತಾರೆ, ಮೌನ ಆಚರಿಸುತ್ತಾರೆ. ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಮತ್ತೆ ಡ್ಯೂಟಿಗೆ ಹೊರಟಿರುತ್ತಾರೆ.

ಈ ಗೌರವ ಬೇಕೇ ಬೇಕು. ಮೊದಲ ಸಾಲಿನ ಕುರ್ಚಿಯಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ಹೆಣ್ಣುಮಗಳಿಗೆ ತನ್ನ ಗಂಡನ ಹೆಸರು ಮೈಕಿನಲ್ಲಿ ಕೇಳುವುದು ಸಣ್ಣ ಮಾತಲ್ಲ. ಆದರೆ ಆ ಪಟ್ಟಿಯಲ್ಲಿ ಹೆಸರು ಇರುತ್ತದೆ, ಹುದ್ದೆ ಇರುತ್ತದೆ, ರಾಜ್ಯ ಇರುತ್ತದೆ. ಇವರು ಹೇಗೆ ಸತ್ತರು ಅನ್ನುವ ಒಂದು ಸಾಲು ಇರುವುದಿಲ್ಲ. ಆ ಸಾವಿನ ಕೇಸು ಏನಾಯಿತು, ಅಂಥ ಸಾವು ಮತ್ತೆ ಆಗದಂತೆ ಠಾಣೆಯಲ್ಲಿ ಏನು ಬದಲಾಯಿತು, ಮನೆಯವರು ಈಗ ಹೇಗಿದ್ದಾರೆ ಅನ್ನುವುದೂ ಇರುವುದಿಲ್ಲ. ನಮ್ಮ ಸ್ಮರಣೆಯ ದೊಡ್ಡ ಕೊರತೆ ಇಲ್ಲೇ ಇದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಈ ದಿನ ಶುರುವಾದ ಕಥೆಯನ್ನೇ ನೋಡಿ. 1959ರ ಶರತ್ಕಾಲದವರೆಗೂ ಟಿಬೆಟ್ ಕಡೆಯ ನಮ್ಮ ಗಡಿಯನ್ನು ಕಾಯುತ್ತಿದ್ದವರು ಪೊಲೀಸರು. ಆ ವರ್ಷ ಅಕ್ಟೋಬರ್ 20ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಎಂಬ ಜಾಗದಿಂದ ಮೂರು ತಂಡಗಳು ದಾರಿ ನೋಡಿಕೊಂಡು ಬರಲು ಹೋದವು. ಎರಡು ತಂಡ ವಾಪಸ್ ಬಂದವು. ಇಬ್ಬರು ಕಾನ್‌ಸ್ಟೆಬಲ್, ಒಬ್ಬ ಹೊರೆಯಾಳು ಇದ್ದ ಮೂರನೇ ತಂಡ ಬರಲಿಲ್ಲ. ಮರುದಿನ ಕರಮ್ ಸಿಂಗ್ ಎಂಬ ಅಧಿಕಾರಿಯ ಜೊತೆ ಸುಮಾರು ಇಪ್ಪತ್ತು ಜನ ಅವರನ್ನು ಹುಡುಕಲು ಹೊರಟರು. ಕರಮ್ ಸಿಂಗ್ ಕುದುರೆ ಮೇಲೆ, ಉಳಿದವರು ಕಾಲ್ನಡಿಗೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿಂದ ಚೀನಾ ಸೈನಿಕರು ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಮರೆಯಾಗಿ ನಿಲ್ಲಲು ಜಾಗವಿರಲಿಲ್ಲ. ಹತ್ತು ಜನ ಸತ್ತರು. ಕೆಲವರು ಸೆರೆ ಸಿಕ್ಕರು. ಶವಗಳನ್ನು ಚೀನಾ ಕೊಟ್ಟದ್ದು ನವೆಂಬರ್ 13ಕ್ಕೆ, ಅಂದರೆ ಮೂರು ವಾರ ಕಳೆದ ಮೇಲೆ. 1960ರ ಜನವರಿಯಲ್ಲಿ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸಭೆ ಸೇರಿ ಪ್ರತಿ ವರ್ಷ ಈ ದಿನವನ್ನು ಸ್ಮರಣೆಗೆ ಇಡಬೇಕು ಎಂದು ತೀರ್ಮಾನಿಸಿದರು.

ಅರವತ್ತು ವರ್ಷ ದಾಟಿದರೂ ಈ ಘಟನೆ ನಮ್ಮನ್ನು ಯಾಕೆ ತಟ್ಟುತ್ತದೆ? ವಿವರ ಇರುವುದರಿಂದ. ಕಾಣೆಯಾದ ತಮ್ಮವರನ್ನು ಹುಡುಕಿಕೊಂಡು ಹೋದವರು ಸತ್ತರು ಅಂತ ಗೊತ್ತಾದ ತಕ್ಷಣ ಅವರು ಬರೀ ಹೆಸರಾಗಿ ಉಳಿಯುವುದಿಲ್ಲ. ಮನುಷ್ಯರಾಗುತ್ತಾರೆ. ದೆಹಲಿಯ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ರಾಷ್ಟ್ರೀಯ ಪೊಲೀಸ್ ಸ್ಮಾರಕ ಲೋಕಾರ್ಪಣೆಯಾಯಿತು. 30 ಅಡಿ ಎತ್ತರದ ಗ್ರಾನೈಟ್ ಶಿಲೆ, ಅದರ ಪಕ್ಕ ಶೌರ್ಯದ ಗೋಡೆ. ಆ ದಿನ ಗೋಡೆಯ ಮೇಲಿದ್ದ ಹೆಸರುಗಳು 34,844. ಈಗ ಲೆಕ್ಕ 36 ಸಾವಿರ ದಾಟಿದೆ. ಇಷ್ಟು ಹೆಸರುಗಳ ಮುಂದೆ ನಿಂತರೆ ಎದೆ ಭಾರವಾಗುತ್ತದೆ, ನಿಜ. ಆದರೆ ಅದರಲ್ಲಿ ಗೋಕಾಕದವರು ಯಾರು, ಇಂಡಿಯವರು ಯಾರು, ಹುನಗುಂದದವರು ಯಾರು, ಅವರು ಯಾವ ರಾತ್ರಿ ಯಾವ ರಸ್ತೆಯಲ್ಲಿ ಬಿದ್ದರು? ಗೋಡೆ ಅದನ್ನು ಹೇಳುವುದಿಲ್ಲ. ಹೇಳಬೇಕಾದವರು ಆಯಾ ಜಿಲ್ಲೆಯವರು.

ನಮ್ಮ ನೆನಪು ಎತ್ತ ಕಡೆ ವಾಲುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವೀರಪ್ಪನ್ ಹೆಸರು ಕೇಳದ ಕನ್ನಡಿಗರು ಯಾರಿದ್ದಾರೆ? ಅಥಣಿಯ ಹುಡುಗನಿಗೂ ಗೊತ್ತು, ಆ ಮೀಸೆಯ ಚಿತ್ರವೂ ಕಣ್ಣ ಮುಂದೆ ಬರುತ್ತದೆ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಅವನ ಬಲೆಗೆ ಬಿದ್ದು ಸತ್ತ ಎಸ್ಪಿ ಹರಿಕೃಷ್ಣ, ಪಿಎಸ್ಐ ಶಕೀಲ್ ಅಹ್ಮದ್ ಹೆಸರು ಎಷ್ಟು ಜನಕ್ಕೆ ಗೊತ್ತು? ಅವರ ಜೊತೆ ಸತ್ತ ಸಿಬ್ಬಂದಿಯ ಹೆಸರಂತೂ ಬಿಡಿ. 2014ರ ಜನವರಿಯಲ್ಲಿ ಕಲಬುರಗಿಯಲ್ಲಿ ಸುಪಾರಿ ಹಂತಕನ ಗುಂಡು ತಲೆಗೆ ಹೊಕ್ಕು, ಹೈದರಾಬಾದಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಪಿಎಸ್ಐ ಮಲ್ಲಿಕಾರ್ಜುನ ಬಂಡೆ ಅವರನ್ನು ಉತ್ತರ ಕರ್ನಾಟಕ ಕೆಲವು ವರ್ಷ ನೆನೆಯಿತು. ಆ ಕಾರ್ಯಾಚರಣೆ ಬಗ್ಗೆ ಆಗ ಬಹಳ ಪ್ರಶ್ನೆಗಳೂ ಎದ್ದಿದ್ದವು. 2015ರ ಅಕ್ಟೋಬರ್‌ನಲ್ಲಿ ನೆಲಮಂಗಲದಲ್ಲಿ ಬೈಕ್ ಕಳ್ಳರನ್ನು ಬೆನ್ನಟ್ಟಿ ಚಾಕು ಇರಿತಕ್ಕೆ ಬಲಿಯಾದ ದೊಡ್ಡಬಳ್ಳಾಪುರದ ಪಿಎಸ್ಐ ಜಗದೀಶ್ ಅವರ ಹೆಸರೂ ಹಾಗೆಯೇ ಮಸುಕಾಗುತ್ತಿದೆ. ಕೊಂದವನ ಕಥೆ ಊರೂರು ತಿರುಗುತ್ತದೆ. ಸತ್ತವರ ಕಥೆ ಅವರ ಮನೆಯ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ.

ನಮ್ಮ ನೆಲದಲ್ಲಿ ಹೀಗಿರಲಿಲ್ಲ. ಐಹೊಳೆ, ಬಾದಾಮಿ ಸುತ್ತಮುತ್ತ ಊರಿನ ಗುಡಿ ಪಕ್ಕ, ಕೆರೆ ಏರಿ ಮೇಲೆ, ಅಗಸಿ ಬಾಗಿಲ ಹತ್ತಿರ ನಿಂತ ವೀರಗಲ್ಲುಗಳನ್ನು ಒಮ್ಮೆ ಸಾವಧಾನವಾಗಿ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಮಧ್ಯದಲ್ಲಿ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲೆ ಶಿವನ ಸನ್ನಿಧಿ, ಸೂರ್ಯ ಚಂದ್ರ. ಬರಹ ಇರುವ ಕಲ್ಲಾದರೆ ಯಾವ ಊರಿನ ಮೇಲೆ ಯಾರು ಬಿದ್ದರು, ಯಾರ ದನ ಹೊಡೆದುಕೊಂಡು ಹೋದರು, ಇವನು ಎಲ್ಲಿ ಅಡ್ಡ ನಿಂತ, ಹೇಗೆ ಸತ್ತ ಅನ್ನುವುದನ್ನೂ ಹೇಳುತ್ತದೆ. ಆ ವೀರರಲ್ಲಿ ಬಹಳಷ್ಟು ಜನ ರಾಜರ ದೊಡ್ಡ ಯುದ್ಧಗಳಲ್ಲಿ ಸತ್ತವರಲ್ಲ. ಊರಿನ ದನ, ಊರಿನ ಹೆಣ್ಣುಮಕ್ಕಳು, ಊರಿನ ಗಡಿ ಕಾಯಲು ಹೋಗಿ ಸತ್ತವರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅದು ಪೊಲೀಸ್ ಕೆಲಸವೇ ಅಲ್ವಾ?

ಕಲ್ಲಿನ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ನೆತ್ತರುಗೊಡಗೆ ಎಂದು ಬರುವುದು ಇದೇ ದಾನ. ಸಾವಿನ ವಿವರ, ಮನೆಯ ಅನ್ನ ಎರಡನ್ನೂ ಒಂದೇ ಸಲಕ್ಕೆ ನೋಡಿಕೊಂಡ ಪದ್ಧತಿ ಅದು. ಇವತ್ತು ನಾವು ಕಲ್ಲು ನಿಲ್ಲಿಸಿದ್ದೇವೆ. ಉಳಿದ ಎರಡರಲ್ಲಿ ಅರೆಬರೆ.

ಈಗ ಸಾವಿನ ವಿಷಯಕ್ಕೇ ಬರೋಣ.

ಪೊಲೀಸ್ ಕರ್ತವ್ಯದಲ್ಲಿ ಸತ್ತರು ಅಂದರೆ ಬಹಳ ಜನರ ತಲೆಯಲ್ಲಿ ಬರುವುದು ಗುಂಡಿನ ಚಕಮಕಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹಿಂದಿನಿಂದಲೂ ಕೊಡುತ್ತ ಬಂದ ಪಟ್ಟಿಗಳನ್ನು ನೋಡಿದರೆ ಚಿತ್ರ ಬೇರೆ. ಕರ್ತವ್ಯದಲ್ಲಿ ಸಾಯುವ ಪೊಲೀಸರಲ್ಲಿ ದೊಡ್ಡ ಪಾಲು ಅಪಘಾತಗಳದು. ನಮ್ಮ ಮೂರು ಜಿಲ್ಲೆಗಳ ರಸ್ತೆ ಗೊತ್ತಿದ್ದವರಿಗೆ ಇದು ಆಶ್ಚರ್ಯ ತರುವುದಿಲ್ಲ. ನಿಪ್ಪಾಣಿ, ಸಂಕೇಶ್ವರ, ಹತ್ತರಗಿ ಮೇಲೆ ಬೆಳಗಾವಿಗೆ ಬರುವ 48ನೇ ಹೆದ್ದಾರಿ ಒಂದು. ಸೊಲ್ಲಾಪುರದಿಂದ ಝಳಕಿ, ವಿಜಯಪುರ ಮೇಲೆ ಹುಬ್ಬಳ್ಳಿ ಕಡೆ ಹೋಗುವ 52ನೇ ಹೆದ್ದಾರಿ ಇನ್ನೊಂದು. ರಾತ್ರಿಯಿಡೀ ಲಾರಿ, ಸ್ಲೀಪರ್ ಬಸ್ಸು, ಟ್ಯಾಂಕರ್.

ಇದರ ಮೇಲೆ ಕಬ್ಬಿನ ಹಂಗಾಮು. ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಬಾಗಲಕೋಟೆಯ ಮುಧೋಳ, ಜಮಖಂಡಿ ಕಡೆಯೂ ಕಡಿಮೆ ಏನಿಲ್ಲ. ಕಾರ್ಖಾನೆ ಬಾಯ್ಲರ್ ಹೊತ್ತಿಕೊಂಡ ದಿನದಿಂದ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬಿನ ಗಾಡಿಗಳು ರಸ್ತೆಗಿಳಿಯುತ್ತವೆ. ಹೊರಗೆ ಚಾಚಿಕೊಂಡ ಕಬ್ಬು ಹಿಂದಿನ ದೀಪವನ್ನು, ರಿಫ್ಲೆಕ್ಟರನ್ನು ಮುಚ್ಚಿಬಿಟ್ಟಿರುತ್ತದೆ. ಎಷ್ಟೋ ಟ್ರೇಲರ್‌ಗಳಿಗೆ ದೀಪವೇ ಇರುವುದಿಲ್ಲ. ಟೈರ್ ಪಂಕ್ಚರ್ ಆದರೆ ರಸ್ತೆ ಮಧ್ಯದಲ್ಲೇ ನಿಲ್ಲುತ್ತವೆ, ಗುರುತಿಗೆ ಸುತ್ತ ನಾಲ್ಕು ಕಲ್ಲು. ಕತ್ತಲಲ್ಲಿ ಬೈಕಿನವನು ಹಿಂದಿನಿಂದ ಹೋಗಿ ಬಡಿಯುತ್ತಾನೆ. 112ಕ್ಕೆ ಫೋನ್ ಹೋಗುತ್ತದೆ. ಗಸ್ತಿನ ವಾಹನ ಬರುತ್ತದೆ.

ಅಪಾಯದ ಎರಡನೇ ಭಾಗ ಇಲ್ಲಿ ಶುರು. ವಾಹನದಲ್ಲಿ ಬಂದವರು ಬಹಳ ಸಲ ಇಬ್ಬರೇ. ಒಬ್ಬರು ಗಾಯಗೊಂಡವನನ್ನು ಎತ್ತಬೇಕು. ಇನ್ನೊಬ್ಬರು ಟಾರ್ಚ್ ಹಿಡಿದು ವಾಹನಗಳನ್ನು ಬದಿಗೆ ಕಳಿಸಬೇಕು. ನೂರು ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸಿಗೆ ಕತ್ತಲಲ್ಲಿ ಖಾಕಿ ಬಟ್ಟೆ ಕಾಣುವ ಹೊತ್ತಿಗೆ ಬ್ರೇಕ್ ಹಾಕಿದರೂ ನಿಲ್ಲುವಷ್ಟು ದೂರ ಉಳಿದಿರುವುದಿಲ್ಲ. ಮೊದಲ ಅಪಘಾತಕ್ಕಿಂತ ಅದರ ಹಿಂದೆ ಆಗುವ ಎರಡನೇ ಡಿಕ್ಕಿಗೆ ಪೊಲೀಸರು, ಸಹಾಯಕ್ಕೆ ಇಳಿದ ದಾರಿಹೋಕರು ಬಲಿಯಾಗುವುದು ಹೀಗೆ. ಇದನ್ನು ತಡೆಯುವ ದಾರಿ ಏನೂ ಗುಟ್ಟಲ್ಲ. ಅಪಘಾತದ ಜಾಗಕ್ಕಿಂತ ಬಹಳ ಹಿಂದೆಯೇ ಕೋನುಗಳನ್ನು ಓರೆಯಾಗಿ ಇಟ್ಟು ವಾಹನಗಳನ್ನು ನಿಧಾನಕ್ಕೆ ಒಂದು ಬದಿಗೆ ತರಬೇಕು. ಗಸ್ತು ವಾಹನವನ್ನು ದೀಪ ಹಾಕಿ ತಡೆಯಾಗಿ ನಿಲ್ಲಿಸಬೇಕು. ಮೈಮೇಲೆ ಹೊಳೆಯುವ ಜಾಕೆಟ್ ಇರಬೇಕು. ಮೂರನೆಯ ಕೈ ಒಂದು ಬೇಕು. ಕೋನು, ಜಾಕೆಟ್ ದುಬಾರಿ ಸಾಮಾನೇನಲ್ಲ. ಮೂರನೆಯ ಸಿಬ್ಬಂದಿಯೇ ಕಷ್ಟ, ಖಾಲಿ ಹುದ್ದೆಗಳ ಲೆಕ್ಕ ಅಲ್ಲಿ ಬಂದು ಕೂರುತ್ತದೆ.

ಒಬ್ಬ ಕಾನ್‌ಸ್ಟೆಬಲ್ ಹೀಗೆ ಸತ್ತರೆ ಎಫ್ಐಆರ್‌ನಲ್ಲಿ ಬರುವುದು ಅತಿವೇಗ, ಅಜಾಗರೂಕತೆ. ಚಾಲಕನ ಮೇಲೆ ಕೇಸು. ಅದು ಸರಿಯೇ. ಆದರೆ ಆ ರಾತ್ರಿ ಗಾಡಿಯಲ್ಲಿ ಕೋನುಗಳಿದ್ದವೇ, ಜಾಕೆಟ್ ಇತ್ತೇ, ಅವರು ಎಷ್ಟು ಗಂಟೆಯಿಂದ ಡ್ಯೂಟಿಯಲ್ಲಿದ್ದರು ಎಂದು ಬೇರೆ ಕಾಗದದಲ್ಲಿ ಬರೆದಿಟ್ಟು ಮುಂದಿನವರಿಗೆ ಪಾಠ ಮಾಡಬೇಕು. ವಿಮಾನ ಬಿದ್ದರೆ ಹೀಗೆ ಮಾಡುತ್ತಾರೆ. ರೈಲು ಹಳಿ ತಪ್ಪಿದರೂ ಮಾಡುತ್ತಾರೆ. ಹೆದ್ದಾರಿಯಲ್ಲಿ ಸತ್ತ ಪೊಲೀಸನಿಗೆ ಅದೇ ಶ್ರದ್ಧೆ ಸಲ್ಲಬೇಕು.

ಮರಳಿನದು ಇನ್ನೊಂದು ಬಗೆ. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಟ್ರ್ಯಾಕ್ಟರನ್ನೇ ಹರಿಸಿ ಕೊಂದರು. ಆ ಕಡೆ ಹರಿಯುವ ಭೀಮೆ ಅದಕ್ಕೂ ಮೊದಲು ನಮ್ಮ ಚಡಚಣ, ಇಂಡಿ, ಆಲಮೇಲದ ಬದಿಯನ್ನು ತೊಳೆದುಕೊಂಡೇ ಹೋಗುತ್ತದೆ. ಅದೇ ಮರಳು, ಅದೇ ರಾತ್ರಿ ಧಂದೆ, ಅದೇ ನಂಬರ್ ಪ್ಲೇಟ್ ಇಲ್ಲದ ಟ್ರ್ಯಾಕ್ಟರ್. ಜಿಲ್ಲೆಯ ಗೆರೆ ಬದಲಾದರೆ ಅಪಾಯ ಬದಲಾಗುವುದಿಲ್ಲ.

ಈ ಧಂದೆ ನಡೆಯುವ ರೀತಿ ತಿಳಿದರೆ ಸಾವು ಹೇಗೆ ಹತ್ತಿರ ಬರುತ್ತದೆ ಅನ್ನುವುದೂ ತಿಳಿಯುತ್ತದೆ. ಚಾಲಕನಿಗೆ ದುಡ್ಡು ಟ್ರಿಪ್ ಲೆಕ್ಕದಲ್ಲಿ. ಗಾಡಿ ಸಿಕ್ಕಿಬಿದ್ದರೆ ಅವನ ಕೆಲಸವೂ ಹೋಯಿತು, ಮಾಲೀಕನ ಗಾಡಿಯೂ ಹೋಯಿತು. ಠಾಣೆಯಿಂದ ಜೀಪು ಹೊರಟ ಕೂಡಲೇ ಮೊಬೈಲಿನಲ್ಲಿ ಸುದ್ದಿ ಮುಟ್ಟಿಸಲು ದಾರಿಯುದ್ದಕ್ಕೂ ಹುಡುಗರು ಕೂತಿರುತ್ತಾರೆ. ಹೊಳೆ ದಂಡೆಯ ದಾರಿ ಇಕ್ಕಟ್ಟು, ಎರಡೂ ಕಡೆ ಕಬ್ಬು. ಅಂಥ ಕಡೆ ಲೋಡ್ ಆದ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದು ನಿಲ್ಲುವುದು ಅಂದರೆ ಪ್ರಾಣವನ್ನು ಆ ಚಾಲಕನ ದಯೆಗೆ ಬಿಟ್ಟಂತೆ. ಕಾಗದದ ಮೇಲೆ ಕಂದಾಯ, ಗಣಿ ಮತ್ತು ಭೂವಿಜ್ಞಾನ, ಪೊಲೀಸ್ ಎಲ್ಲ ಇಲಾಖೆಗಳೂ ಸೇರಿ ದಾಳಿ ಮಾಡಬೇಕು. ರಾತ್ರಿ ಎರಡು ಗಂಟೆಗೆ ಹೊಳೆ ದಂಡೆಯಲ್ಲಿ ಉಳಿಯುವುದು ಬೀಟ್ ಪೊಲೀಸ್ ಒಬ್ಬರೇ. ಓಡುವ ಗಾಡಿಯನ್ನು ಎದುರಿಗೆ ನಿಂತು ತಡೆಯಬೇಡಿ, ಮುಂದಿನ ಊರಲ್ಲಿ ದಾರಿ ಮುಚ್ಚಿ, ಮರಳು ಇಳಿಸುವ ಅಡ್ಡೆಯಲ್ಲಿ ಹಿಡಿಯಿರಿ, ಗಾಡಿಯ ಮಾಲೀಕನನ್ನು ಮೊದಲ ಆರೋಪಿ ಮಾಡಿ. ಸತ್ತ ಹೆಡ್ ಕಾನ್‌ಸ್ಟೆಬಲ್‌ರನ್ನು ನೆನೆಯುವುದು ಅಂದರೆ ಭೀಮಾ ತೀರದ ಪ್ರತಿ ಠಾಣೆಯಲ್ಲೂ ಇದು ಕಟ್ಟುನಿಟ್ಟಿನ ಸೂಚನೆಯಾಗುವುದು.

ಬಂದೋಬಸ್ತ್ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಸುವರ್ಣ ವಿಧಾನಸೌಧದ ಅಧಿವೇಶನ ಬಂದರೆ ಸಾವಿರಾರು ಸಿಬ್ಬಂದಿ ಬೆಳಗಾವಿ ಚಳಿಯಲ್ಲಿ ಬೀಡು ಬಿಡುತ್ತಾರೆ. 2025ರ ನವೆಂಬರ್‌ನಲ್ಲಿ ಕಬ್ಬಿನ ದರದ ಹೋರಾಟ ಹತ್ತರಗಿ ಟೋಲ್ ಹತ್ತಿರ ಕಲ್ಲು ತೂರಾಟಕ್ಕೆ ತಿರುಗಿದಾಗ ಪೊಲೀಸರಿಗೂ ಪೆಟ್ಟು ಬಿತ್ತು. ಕಲ್ಲು ತೂರಿದ ಕಡೆ ಇದ್ದವರೂ, ತಡೆದ ಕಡೆ ಇದ್ದವರೂ ಬಹಳ ಮಟ್ಟಿಗೆ ಅವೇ ಊರುಗಳ ರೈತರ ಮಕ್ಕಳು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಇಲ್ಲಿ ಒಂದು ಮಾತು ಬಂದೇ ಬರುತ್ತದೆ. ಪೊಲೀಸರು ಲಂಚ ತಿನ್ನಲ್ವಾ? ಬಡವನಿಗೆ ಠಾಣೆಯಲ್ಲಿ ಹೊಡೆಯಲ್ವಾ? ಅವರಿಗೆ ಯಾಕೆ ಇಷ್ಟು ಗೌರವ?

ಈ ಪ್ರಶ್ನೆ ಕೇಳುವವರನ್ನು ನಾನು ಬಾಯಿ ಮುಚ್ಚಿಸುವುದಿಲ್ಲ. ಕೇಳುವವರಲ್ಲಿ ಬಹಳ ಜನಕ್ಕೆ ಠಾಣೆಯ ಮೆಟ್ಟಿಲ ಮೇಲೆ ನಿಜವಾಗಿಯೂ ಅವಮಾನ ಆಗಿರುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಯೋಧ ಸತ್ತರೆ ಊರಿಗೆ ಊರೇ ಅಗಸಿಯಲ್ಲಿ ನೆರೆಯುತ್ತದೆ, ಸರ್ಕಲ್ಲಿಗೆ ಹೆಸರಿಡುತ್ತಾರೆ. ಅದೇ ಹಳ್ಳಿಯ ಪೊಲೀಸ್ ಸತ್ತರೆ ದುಃಖ ಇದ್ದರೂ ಆ ಬಗೆಯ ಉಕ್ಕು ಇರುವುದಿಲ್ಲ. ಯೋಧನನ್ನು ಜನ ನೋಡುವುದು ರಜೆಗೆ ಬಂದಾಗ. ಪೊಲೀಸನನ್ನು ನೋಡುವುದು ದಂಡ ಹಾಕುವಾಗ, ಸಮನ್ಸ್ ತಂದಾಗ, ಲಾಠಿ ಎತ್ತಿದಾಗ. ಸತ್ತಾಗ ಈ ಎಲ್ಲ ನೆನಪೂ ಅಡ್ಡ ಬರುತ್ತದೆ. ಹಾಗಾಗಿಯೇ ಸಾವಿನ ವಿವರ ಮುಖ್ಯ ಅಂತ ನಾನು ಹೇಳುವುದು. ಇಡೀ ಇಲಾಖೆಯನ್ನು ಹೊಗಳಿ ಅಂದರೆ ಜನ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಈ ಮನುಷ್ಯ, ಈ ರಾತ್ರಿ, ನಿಮ್ಮ ಊರಿನ ಹುಡುಗನನ್ನು ರಸ್ತೆಯಿಂದ ಎತ್ತುವಾಗ ಸತ್ತರು ಅಂದರೆ ಒಪ್ಪದವರು ಯಾರು? ಲಾಕಪ್ ಸಾವಿಗೆ ತನಿಖೆ ಕೇಳುವುದು, ಕರ್ತವ್ಯದ ಸಾವಿಗೆ ತನಿಖೆ ಕೇಳುವುದು ಒಂದಕ್ಕೊಂದು ಎದುರಲ್ಲ. ಎರಡರಲ್ಲೂ ನಾವು ಕೇಳುತ್ತಿರುವುದು ನಿಜ ಏನಾಯಿತು ಅಂತ.

ಪಟ್ಟಿಗೆ ಸೇರದ ಸಾವುಗಳೂ ಇವೆ. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರು ಸಾಮೂಹಿಕ ರಜೆಯ ಮಾತೆತ್ತಿದ್ದು ನೆನಪಿರಬಹುದು. ರಜೆ ಸಿಗಲ್ಲ, ಸಂಬಳ ಸಾಲಲ್ಲ, ಮೇಲಧಿಕಾರಿಗಳ ಮನೆ ಚಾಕರಿ ತಪ್ಪಲ್ಲ ಅನ್ನುವುದು ಅವರ ದೂರು. ಅದಾದ ಮರುತಿಂಗಳೇ, ಒಂದೇ ವಾರದಲ್ಲಿ ಇಬ್ಬರು ಡಿವೈಎಸ್ಪಿಗಳು ಆತ್ಮಹತ್ಯೆ ಮಾಡಿಕೊಂಡರು. ಒಬ್ಬರು ಮಡಿಕೇರಿಯಲ್ಲಿ, ಇನ್ನೊಬ್ಬರು ನಮ್ಮ ಬೆಳಗಾವಿ ಜಿಲ್ಲೆಯ ಮುರಗೋಡದಲ್ಲಿ. ಆ ಎರಡು ಪ್ರಕರಣಗಳ ಹಿನ್ನೆಲೆ ಬೇರೆ ಬೇರೆ, ಅದರೊಳಗೆ ಹೋಗುವುದಿಲ್ಲ. ವೇತನದ ವಿಷಯಕ್ಕೆ ಔರಾದಕರ್ ಸಮಿತಿ ಬಂತು, 2019ರಲ್ಲಿ ಅದರ ಶಿಫಾರಸು ಭಾಗಶಃ ಜಾರಿಯಾಯಿತು. ಮನಸ್ಸಿನ ಭಾರಕ್ಕೆ ಇನ್ನೂ ಅಂಥ ಗಟ್ಟಿ ಉತ್ತರ ಬಂದಿಲ್ಲ. ಇಪ್ಪತ್ತು ಗಂಟೆ ಬಂದೋಬಸ್ತ್ ಮುಗಿಸಿ ಕ್ವಾರ್ಟರ್ಸಿಗೆ ಬಂದು ಎದೆ ಹಿಡಿದುಕೊಂಡು ಕುಸಿದ ಹೆಡ್ ಕಾನ್‌ಸ್ಟೆಬಲ್ ಕರ್ತವ್ಯದಲ್ಲಿ ಸತ್ತರೋ ಇಲ್ಲವೋ? ಮೈಕಿನಲ್ಲಿ ಅವರ ಹೆಸರು ಬರುವುದು ಕಷ್ಟ. ನನ್ನ ಪ್ರಕಾರ ಬರಬೇಕು.

ಇನ್ನು ಮನೆಯವರ ವಿಷಯ. ಜಮಖಂಡಿ ಕಡೆ ಒಂದು ಮನೆಗೆ ಹೋಗಿದ್ದೆ. ಟಿವಿ ಮೇಲೆ ಸಮವಸ್ತ್ರದ ಫೋಟೊ, ಅದಕ್ಕೆ ಪ್ಲಾಸ್ಟಿಕ್ ಹಾರ. ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಅತ್ತೆ ಒಳಗೆ ಕೂಗಿ ಹೇಳಿದರು, “ಯವ್ವಾ, ಆ ಪಿಶವಿ ತೊಗೊಂಡ ಬಾ.” ಸೊಸೆ ಬಟ್ಟೆ ಅಂಗಡಿಯ ಕೈಚೀಲ ತಂದು ನೆಲದ ಮೇಲೆ ಸುರಿದರು. ಎಫ್ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ವಂಶಾವಳಿ, ರೇಷನ್ ಕಾರ್ಡು, ಪಾಸ್‌ಬುಕ್, ಒಂದೊಂದರದೂ ಮೂರು ನಾಲ್ಕು ಜೆರಾಕ್ಸ್. ಅದರಲ್ಲಿ ಒಂದು ಛಾಪಾ ಕಾಗದ ಇತ್ತು. ಇಂಥ ಹೆಸರಿನವಳೂ ಇಂಥ ಹೆಸರಿನವಳೂ ನಾನೇ ಎಂದು ನೋಟರಿ ಮುಂದೆ ಬರೆದುಕೊಟ್ಟ ಪ್ರಮಾಣಪತ್ರ. ನಮ್ಮ ಕಡೆ ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಸೊಸೆಗೆ ಬೇರೆ ಹೆಸರಿಡುವ ರೂಢಿ ಇದೆಯಲ್ಲ. ಶಾಲೆ ದಾಖಲೆಯಲ್ಲಿ ತವರಿನ ಹೆಸರು. ಗಂಡನ ಸೇವಾ ಪುಸ್ತಕದಲ್ಲಿ ಗಂಡನ ಮನೆಯ ಹೆಸರು. ಆಧಾರದಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಗಂಡ ಇರುವಾಗ ಇದು ಯಾರಿಗೂ ತೊಂದರೆ ಕೊಡಲಿಲ್ಲ. ಅವರು ಹೋದ ಮೇಲೆ ಒಂದೊಂದು ಕಚೇರಿಯಲ್ಲೂ ಇದೇ ತಕರಾರು. “ಯಾವ ಕಾಗದ ಕೇಳಿದ್ರೂ ಇದ್ರಾಗ ಅದ ನೋಡ್ರಿ ಸರ್” ಅಂದರು ಆ ತಾಯಿ. ಹದಿನೈದು ದಿನಕ್ಕೊಮ್ಮೆ ಆ ಚೀಲ ಹೊತ್ತು ಬಸ್ ಹತ್ತುತ್ತಾರೆ.

ಪ್ರಾಣ ಕೊಟ್ಟವರ ಹೆಂಡತಿ ತಾನು ಯಾರು ಅಂತ ರುಜುವಾತು ಮಾಡುತ್ತ ತಿರುಗುವ ಸ್ಥಿತಿ ಬರಬಾರದು. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಪ್ರತಿ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ಇಂಥ ಕುಟುಂಬಕ್ಕಂತಲೇ ಒಬ್ಬ ಸಿಬ್ಬಂದಿಯನ್ನು ಹೆಸರು ಹಿಡಿದು ನೇಮಿಸಲಿ. ಪಿಂಚಣಿ, ವಿಮೆ, ಅನುಕಂಪದ ನೌಕರಿ, ಕ್ವಾರ್ಟರ್ಸ್ ಬಿಡುವ ಗಡುವು, ಮಕ್ಕಳ ಶಾಲೆ, ನ್ಯಾಯಾಲಯದ ತಾರೀಖು ಎಲ್ಲವೂ ಆ ಒಬ್ಬರ ಜವಾಬ್ದಾರಿ. ಅವರು ವರ್ಗವಾದರೆ ಫೈಲು ಇನ್ನೊಬ್ಬರ ಹೆಸರಿಗೆ ಹೋಗಲಿ, ಮನೆಯವರಿಗೆ ಹೊಸ ಫೋನ್ ನಂಬರ್ ಮುಟ್ಟಲಿ. ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನ ಆಚರಿಸಿ ಕಲ್ಯಾಣ ನಿಧಿಗೆ ಹಣ ಕೂಡಿಸುತ್ತೇವೆ. ಆ ದಿನ ಜಿಲ್ಲೆಯ ಎಷ್ಟು ಕುಟುಂಬಗಳ ಯಾವ ಯಾವ ಕೆಲಸ ಬಾಕಿ ಉಳಿದಿದೆ ಅಂತಲೂ ಓದಿ ಹೇಳಬಹುದು.

ನ್ಯಾಯಾಲಯದ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಪೊಲೀಸನನ್ನು ಕೊಂದ ಕೇಸಿನಲ್ಲೂ ಸಾಕ್ಷಿಗಳು ತಿರುಗಿ ಬೀಳುತ್ತಾರೆ. ಹೊಳೆ ದಂಡೆಯ ಊರಲ್ಲಿ ಮರಳಿನವರ ವಿರುದ್ಧ ನಿಂತು ಮುಂದೆ ಅಲ್ಲೇ ಬಾಳಬೇಕಾದವರ ಭಯ ಸುಳ್ಳಲ್ಲ. ತನಿಖಾಧಿಕಾರಿ ಎರಡು ಮೂರು ಸಲ ಬದಲಾಗಿರುತ್ತಾರೆ. ಕೇಸು ಕೊನೆ ಮುಟ್ಟುವ ಹೊತ್ತಿಗೆ ಸತ್ತವರ ಬ್ಯಾಚ್‌ಮೇಟ್‌ಗಳಲ್ಲಿ ಕೆಲವರು ನಿವೃತ್ತರಾಗಿರುತ್ತಾರೆ. ಬಿಡುಗಡೆಯಾದರೆ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು. ಅಕ್ಟೋಬರ್ 21ರಂದು ಹೆಸರು ಓದುವಾಗ, ಹಿಂದಿನ ವರ್ಷಗಳಲ್ಲಿ ಮಡಿದ ನಮ್ಮ ಜಿಲ್ಲೆಯವರ ಕೇಸುಗಳು ಯಾವ ಹಂತದಲ್ಲಿವೆ ಎಂದೂ ಎಸ್ಪಿ ಹೇಳಲಿ. ಸರ್ಕಾರಿ ವಕೀಲರೂ ಆ ಮೈದಾನದಲ್ಲಿ ಕೂತಿರಲಿ.

ನನ್ನ ಕೇಳಿಕೆ ಇಷ್ಟು: ಪ್ರತಿ ಹೆಸರಿಗೆ ಒಂದು ಪುಟ. ಹುಟ್ಟಿದ ಊರು, ಕೆಲಸ ಮಾಡಿದ ಠಾಣೆಗಳು, ಸತ್ತ ದಿನ, ಜಾಗ, ಹೇಗೆ, ಆಗ ಕೈಯಲ್ಲಿ ಏನಿತ್ತು ಏನಿರಲಿಲ್ಲ, ಕೇಸು ಏನಾಯಿತು, ಇಲಾಖೆ ಏನು ಬದಲಿಸಿತು. ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ. ಮನೆಯವರನ್ನು ಕೇಳಿ, ಅವರು ಬೇಡ ಅಂದದ್ದನ್ನು ಬಿಟ್ಟು. ಖಾನಾಪುರದ ಪೊಲೀಸ್ ತರಬೇತಿ ಶಾಲೆಯಲ್ಲಿ ಕವಾಯತು ಕಲಿಯುವ ಹೊಸ ಹುಡುಗ ಹುಡುಗಿಯರಿಗೆ ಇದೇ ಪಾಠವಾಗಲಿ. ಸ್ಲೌಚ್ ಹ್ಯಾಟ್ ಹೋಗಿ ಈಗ ಕಾನ್‌ಸ್ಟೆಬಲ್‌ಗಳಿಗೆ ಹೊಸ ಪೀಕ್ ಕ್ಯಾಪ್ ಬಂದಿದೆ. ಆ ಕ್ಯಾಪ್ ತಲೆಗಿಡುವ ಮೊದಲು ಹಿಂದಿನವರು ಎಲ್ಲಿ, ಯಾವ ತಪ್ಪಿಗೆ, ಯಾರ ತಪ್ಪಿಗೆ ಬಿದ್ದರು ಅಂತ ಅವರಿಗೆ ತಿಳಿಯಲಿ. ಸತ್ತವರು ಹುಟ್ಟಿದ ಊರಿನ ಶಾಲೆಗೂ ಒಂದು ಪ್ರತಿ ಹೋಗಲಿ.

ಓದುಗರಿಗೆ ತಕ್ಷಣ ಉಪಯೋಗಕ್ಕೆ ಬರುವ ವಿಷಯವೊಂದನ್ನು ಹೇಳಿಬಿಡುತ್ತೇನೆ. ಕರ್ನಾಟಕದ 1996ರ ಅನುಕಂಪದ ನೇಮಕಾತಿ ನಿಯಮಗಳ ಪ್ರಕಾರ ನೌಕರ ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ದುಃಖದಲ್ಲಿ, ಕಾಗದ ಹೊಂದಿಸುವುದರಲ್ಲಿ ಈ ವರ್ಷ ಕಣ್ಣೆದುರೇ ಕಳೆದುಹೋಗುತ್ತದೆ. ಮದುವೆಯಾದ ಮಗಳಿಗೆ ನೌಕರಿ ಇಲ್ಲ ಎಂಬ ಹಳೆಯ ಮಾತನ್ನು ಈಗಲೂ ಕೆಲವು ಕಡೆ ಹೇಳುತ್ತಾರೆ. ಬೆಳಗಾವಿ ಜಿಲ್ಲೆಯಲ್ಲಿ ಎಪಿಎಂಸಿ ನೌಕರಿಯಲ್ಲಿದ್ದು ತೀರಿಕೊಂಡವರೊಬ್ಬರ ಮಗಳು ಇದನ್ನೇ ಹೈಕೋರ್ಟಿನಲ್ಲಿ ಪ್ರಶ್ನಿಸಿ 2020ರ ಡಿಸೆಂಬರ್‌ನಲ್ಲಿ ಗೆದ್ದರು. ಮಗನಿಗೆ ಮದುವೆ ಅಡ್ಡ ಬರದಿದ್ದರೆ ಮಗಳಿಗೂ ಬರಬಾರದು ಎಂಬುದು ಆ ತೀರ್ಪಿನ ತಿರುಳು. ಆಮೇಲೆ ನಿಯಮಕ್ಕೂ ತಿದ್ದುಪಡಿ ಬಂತು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯ ಅಡಿ ಬರುವುದರಿಂದ ಅವರ ಮನೆಯವರ ಪಿಂಚಣಿ ಲೆಕ್ಕ ಬೇರೆ, ಅದನ್ನು ಲಿಖಿತವಾಗಿಯೇ ಕೇಳಿ ಪಡೆಯಬೇಕು. ಸಂಬಳದ ಖಾತೆ ಇದ್ದ ಬ್ಯಾಂಕಿನಲ್ಲಿ ಅಪಘಾತ ವಿಮೆ ಇತ್ತೇ ಅಂತ ಮೊದಲ ವಾರಗಳಲ್ಲೇ ವಿಚಾರಿಸಬೇಕು, ಅದಕ್ಕೂ ಗಡುವು ಇರುತ್ತದೆ. ನಿಮ್ಮ ಊರಲ್ಲಿ ಅಂಥ ಮನೆ ಇದ್ದರೆ ಅಕ್ಟೋಬರ್ ತನಕ ಕಾಯಬೇಡಿ. ಈ ವಾರವೇ ಹೋಗಿ, ಅರ್ಜಿ ಹಾಕಿ ಆಯ್ತಾ, ಸ್ವೀಕೃತಿ ಚೀಟಿ ಕೈಗೆ ಬಂತಾ ಅಂತ ಕೇಳಿ.